ಫ್ಯಾಮಿಲಿ ಲೈಫ್ (1971ರ ಚಲನಚಿತ್ರ)

ಫ್ಯಾಮಿಲಿ ಲೈಫ್ ಕೆನ್ ಲೋಚ್ ನಿರ್ದೇಶನದ, ಟೋನಿ ಗಾರ್ನೆಟ್ ನಿರ್ಮಾಣದ, 1971ರಲ್ಲಿ ತೆರೆಕಂಡ ಕಡಿಮೆ ವೆಚ್ಚದ ಬ್ರಿಟಿಷ್ ಕಥಾಚಿತ್ರ. ಚಿತ್ರಕಥೆ ನಾಟಕಕಾರ ಡೇವಿಡ್ ಮರ್ಸರ್ ಅವರದು. ಲಂಡನ್ನಿನ ಹೊರವಲಯದಲ್ಲಿ ತಂದೆತಾಯಿಯೊಂದಿಗೆ ಇರುವ ಹತ್ತೊಂಬತ್ತರ ಹುಡುಗಿಯೊಬ್ಬಳು ಮನೆಯವರ ಕಾಳಜಿ ಮತ್ತು ಆಸ್ಪತ್ರೆಯ ಚಿಕಿತ್ಸೆ ಎರಡರ ನಡುವೆ ಸಿಕ್ಕಿ ಮಾತನ್ನೇ ಕಳೆದುಕೊಳ್ಳುವುದು ಇದರ ವಸ್ತು. 1967ರಲ್ಲಿ ಬಿಬಿಸಿ ಪ್ರಸಾರ ಮಾಡಿದ್ದ ‘ಇನ್ ಟು ಮೈಂಡ್ಸ್’ ಎಂಬ ದೂರದರ್ಶನ ನಾಟಕ ಇದರ ಮೂಲ. ಅಮೆರಿಕದಲ್ಲಿ ಚಿತ್ರ ‘ವೆನ್ಸ್‌ಡೇಸ್ ಚೈಲ್ಡ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಪೋಲೆಂಡಿನ ಕ್ಷಿಷ್ಟೋಫ್ ಝಾನುಸ್ಸಿ ಅದೇ ವರ್ಷ ಇದೇ ಅರ್ಥದ ಹೆಸರಿನ ಚಿತ್ರವೊಂದನ್ನು ನಿರ್ದೇಶಿಸಿದ್ದಾರೆ. ಎರಡಕ್ಕೂ ಸಂಬಂಧವಿಲ್ಲ.

ಈ ಲೇಖನದಲ್ಲಿ ಸ್ಕಿಜೋಫ್ರೇನಿಯಾ ಎಂಬುದನ್ನು ವೈದ್ಯರು ಕೊಡುವ ರೋಗನಾಮವಾಗಿ ಮಾತ್ರ ಬಳಸಲಾಗಿದೆ. ಮನಸ್ಸು ಎರಡಾಗಿ ಹೋಳಾಗುವುದು ಎಂಬ ಜನಪ್ರಿಯ ಅರ್ಥ ಇಲ್ಲಿ ಉದ್ದೇಶಿತವಲ್ಲ. ವಿದ್ಯುತ್ ಕಂಪನ ಚಿಕಿತ್ಸೆ ಎಂದರೆ ಜನರು ‘ಶಾಕ್ ಕೊಡುವುದು’ ಎನ್ನುವ ಚಿಕಿತ್ಸಾಕ್ರಮ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ಮನೋರೋಗಿಗಳ ಆರೈಕೆಯೆಂದರೆ ಊರಾಚೆಯ ದೊಡ್ಡ ಆಸ್ಪತ್ರೆಗಳು. ಇವುಗಳಲ್ಲಿ ಹೆಚ್ಚಿನವು ವಿಕ್ಟೋರಿಯಾ ಕಾಲದ ಕಟ್ಟಡಗಳು. 1950ರ ದಶಕದ ನಡುವಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಂಥ ಆಸ್ಪತ್ರೆಗಳಲ್ಲಿ ಸುಮಾರು ಒಂದೂವರೆ ಲಕ್ಷ ರೋಗಿಗಳಿದ್ದರು. ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಅದೇ ದಶಕದಲ್ಲಿ ಬಳಕೆಗೆ ಬಂದು ವಾರ್ಡುಗಳ ಸ್ವರೂಪವನ್ನೇ ಬದಲಿಸಿತು. ಬ್ರಿಟನ್ನಿನಲ್ಲಿ ಅದರ ಮಾರುಕಟ್ಟೆಯ ಹೆಸರು ಲಾರ್ಗಾಕ್ಟಿಲ್. 1938ರಲ್ಲಿ ರೋಮ್‌ನಲ್ಲಿ ಚೆರ್ಲೆತ್ತಿ ಮತ್ತು ಬೀನಿ ಮೊದಲು ಪ್ರಯೋಗಿಸಿದ ವಿದ್ಯುತ್ ಕಂಪನ ಚಿಕಿತ್ಸೆಯೂ ವ್ಯಾಪಕವಾಗಿತ್ತು. 1959ರ ಮಾನಸಿಕ ಆರೋಗ್ಯ ಕಾಯ್ದೆ ಸ್ವ-ಇಚ್ಛೆಯಿಂದ ಆಸ್ಪತ್ರೆ ಸೇರುವುದನ್ನೇ ಸಾಮಾನ್ಯ ರೀತಿಯಾಗಿ ಮಾಡಿತು. ಆದರೆ ವೈದ್ಯರ ಶಿಫಾರಸು ಮತ್ತು ಹತ್ತಿರದ ಸಂಬಂಧಿಕರ ಅರ್ಜಿಯ ಮೇಲೆ ಬಲವಂತವಾಗಿ ದಾಖಲಿಸುವ ಅವಕಾಶವನ್ನೂ ಉಳಿಸಿಕೊಂಡಿತು. ಅರ್ಜಿ ಹಾಕುವ ಈ ಹಕ್ಕು ಮನೆಯವರ ಕೈಯಲ್ಲಿದ್ದುದು ಚಿತ್ರವನ್ನು ಅರ್ಥಮಾಡಿಕೊಳ್ಳಲು ಮುಖ್ಯ.

ಈ ವ್ಯವಸ್ಥೆಯನ್ನು ಒಳಗಿನಿಂದಲೇ ಪ್ರಶ್ನಿಸಿದವರಲ್ಲಿ ಗ್ಲಾಸ್ಗೋ ಮೂಲದ ಮನೋವೈದ್ಯ ಆರ್. ಡಿ. ಲೇಯಿಂಗ್ (1927–1989) ಪ್ರಮುಖರು. ‘ದಿ ಡಿವೈಡೆಡ್ ಸೆಲ್ಫ್’ (1960) ಗ್ರಂಥದಲ್ಲಿ ಅವರು ರೋಗಿಯ ಅಸಂಬದ್ಧವೆನಿಸುವ ಮಾತಿಗೂ ಅರ್ಥವಿರುತ್ತದೆಂದು ವಾದಿಸಿದರು. 1964ರಲ್ಲಿ ಏರನ್ ಎಸ್ಟರ್‌ಸನ್ ಜೊತೆ ಬರೆದ ‘ಸ್ಯಾನಿಟಿ, ಮ್ಯಾಡ್‌ನೆಸ್ ಅಂಡ್ ದಿ ಫ್ಯಾಮಿಲಿ’ಯಲ್ಲಿ, ಸ್ಕಿಜೋಫ್ರೇನಿಯಾ ಎಂದು ಗುರುತಿಸಲ್ಪಟ್ಟ 11 ಮಹಿಳೆಯರ ಕುಟುಂಬಗಳೊಂದಿಗೆ ನಡೆಸಿದ ದೀರ್ಘ ಮಾತುಕತೆಗಳಿವೆ. ಮಗಳ ವರ್ತನೆಯನ್ನು ಮನೆಯವರ ಮಾತುಗಳ ನಡುವೆ ಇಟ್ಟು ನೋಡಿದರೆ ಅದು ಅರ್ಥವಾಗುವಂಥದ್ದೇ ಎಂಬುದು ಅದರ ತಿರುಳು. ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು 1956ರಲ್ಲಿ ಮಂಡಿಸಿದ್ದ ‘ಇಬ್ಬಂದಿ’ ಸಿದ್ಧಾಂತ ಈ ಚಿಂತನೆಗೆ ಒಂದು ಆಧಾರ. ಒಂದೇ ಉಸಿರಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಅಪ್ಪಣೆಗಳನ್ನು ಕೊಟ್ಟು, ಯಾವುದನ್ನು ಪಾಲಿಸಿದರೂ ತಪ್ಪಾಗುವ ಸ್ಥಿತಿಗೆ ಮಗುವನ್ನು ತಳ್ಳುವುದೇ ಇಬ್ಬಂದಿ. ಇಂಗ್ಲೆಂಡಿನಲ್ಲಿ ಡೇವಿಡ್ ಕೂಪರ್ ಶೆನ್ಲಿ ಆಸ್ಪತ್ರೆಯ ‘ವಿಲ್ಲಾ 21’ ಘಟಕದಲ್ಲಿ 1962ರಿಂದ 1966ರವರೆಗೆ, ವೈದ್ಯ–ದಾದಿ–ರೋಗಿ ಎಂಬ ಮೇಲುಕೀಳನ್ನು ಸಡಿಲಿಸಿದ ವಾರ್ಡೊಂದನ್ನು ನಡೆಸಿದರು. ‘ಆಂಟಿ ಸೈಕಿಯಾಟ್ರಿ’ ಎಂಬ ಪದ ಕೂಪರ್ ಟಂಕಿಸಿದ್ದು. 1965ರಲ್ಲಿ ಲೇಯಿಂಗ್ ಮತ್ತು ಸಂಗಡಿಗರು ಪೂರ್ವ ಲಂಡನ್ನಿನ ಕಿಂಗ್ಸ್‌ಲಿ ಹಾಲ್‌ನಲ್ಲಿ ಔಷಧದ ಬಲವಂತವಿಲ್ಲದ ವಸತಿ ಸಮುದಾಯವನ್ನು ಆರಂಭಿಸಿದರು.

ಮೂಲ: ‘ಇನ್ ಟು ಮೈಂಡ್ಸ್’

ಬಿಬಿಸಿಯ ‘ವೆನ್ಸ್‌ಡೇ ಪ್ಲೇ’ ಮಾಲಿಕೆ 1960ರ ದಶಕದಲ್ಲಿ ಬ್ರಿಟಿಷ್ ಸಾಮಾಜಿಕ ನಾಟಕದ ಮುಖ್ಯ ವೇದಿಕೆ. ಮನೆಯಿಲ್ಲದವರ ಬವಣೆಯನ್ನು ತೋರಿಸಿದ ಲೋಚ್ ಅವರ ‘ಕ್ಯಾಥಿ ಕಮ್ ಹೋಮ್’ 1966ರ ನವೆಂಬರಿನಲ್ಲಿ ಇದೇ ಮಾಲಿಕೆಯಲ್ಲಿ ಪ್ರಸಾರವಾಗಿ ದೇಶವ್ಯಾಪಿ ಚರ್ಚೆ ಎಬ್ಬಿಸಿತು. ‘ಇನ್ ಟು ಮೈಂಡ್ಸ್’ ಮೂರೂವರೆ ತಿಂಗಳ ಬಳಿಕ, 1967ರ ಮಾರ್ಚ್ 1ರಂದು ಬಂತು. ಬರಹ ಮರ್ಸರ್, ನಿರ್ಮಾಣ ಗಾರ್ನೆಟ್, ನಿರ್ದೇಶನ ಲೋಚ್. ಕೇಟ್ ವಿಂಟರ್ ಎಂಬ ನಾಯಕಿಯ ಪಾತ್ರದಲ್ಲಿ ಆ್ಯನಾ ಕ್ರಾಪರ್ ನಟಿಸಿದರು. ಲೇಯಿಂಗ್ ಸಲಹೆಗಾರರಾಗಿದ್ದರು. ತೆರೆಯ ಮೇಲೆ ಕಾಣದ ವೈದ್ಯನೊಬ್ಬ ಮನೆಯ ಪ್ರತಿಯೊಬ್ಬರನ್ನೂ ಪ್ರಶ್ನಿಸುತ್ತ ಹೋಗುವ ತನಿಖೆಯ ಧಾಟಿ ನಾಟಕದ್ದು. ಕಪ್ಪುಬಿಳುಪಿನಲ್ಲಿ ಚಿತ್ರಿಸಿದ ಇದನ್ನು ಕೆಲವರು ಸಾಕ್ಷ್ಯಚಿತ್ರವೆಂದೇ ನಂಬುವಂತಿತ್ತು.

ಈ ವಸ್ತು ಮೂವರಲ್ಲಿ ಇಬ್ಬರಿಗೆ ಹತ್ತಿರದ್ದು. ವೇಕ್‌ಫೀಲ್ಡ್‌ನ ಕಾರ್ಮಿಕ ಕುಟುಂಬದಲ್ಲಿ ಹುಟ್ಟಿದ ಮರ್ಸರ್ (1928–1980) 1957ರಲ್ಲಿ ಮಾನಸಿಕವಾಗಿ ಕುಸಿದು ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಮನೋವಿಶ್ಲೇಷಣೆಗೆ ಒಳಗಾಗಿದ್ದರು. ಅವರ ‘ಎ ಸೂಟಬಲ್ ಕೇಸ್ ಫಾರ್ ಟ್ರೀಟ್‌ಮೆಂಟ್’ (1962) ಕೂಡ ಹುಚ್ಚು ಯಾವುದು, ಬಂಡಾಯ ಯಾವುದು ಎಂಬ ಗೆರೆಯ ಮೇಲೆಯೇ ನಡೆಯುವ ಕೃತಿ. 1966ರಲ್ಲಿ ಕರೆಲ್ ರೈಸ್ ಅದನ್ನು ‘ಮಾರ್ಗನ್’ ಎಂಬ ಚಿತ್ರವಾಗಿಸಿದರು. ಗಾರ್ನೆಟ್ (1936–2020) ಅವರ ಪತ್ನಿ, ನಟಿ ಟಾಪ್ಸಿ ಜೇನ್, ‘ಬಿಲ್ಲಿ ಲಯರ್’ ಚಿತ್ರೀಕರಣದ ವೇಳೆ ಅಸ್ವಸ್ಥರಾದರು. ಅವರ ಪಾತ್ರ ಜೂಲಿ ಕ್ರಿಸ್ಟಿಯವರ ಪಾಲಾಯಿತು. ಟಾಪ್ಸಿ ಜೇನ್ ಪಡೆದ ಚಿಕಿತ್ಸೆ ತನ್ನನ್ನು ಈ ವಸ್ತುವಿನತ್ತ ತಂದಿತೆಂದು ಗಾರ್ನೆಟ್ 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕಥಾವಸ್ತು

ಜಾನಿಸ್ ಬೇಲ್ಡನ್ ಲಂಡನ್ನಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ ದಿಕ್ಕುತೋಚದ ಸ್ಥಿತಿಯಲ್ಲಿ ಸಿಗುತ್ತಾಳೆ. ಪೊಲೀಸರು ಮನೆಗೆ ತಂದು ಬಿಡುತ್ತಾರೆ. ಯಾವ ಕೆಲಸದಲ್ಲೂ ನಿಲ್ಲದ ಮಗಳು ತಂದೆತಾಯಿಗೆ ಮೊದಲಿನಿಂದ ತಲೆನೋವು. ಈಗ ಅವಳು ಗರ್ಭಿಣಿಯೆಂದು ತಿಳಿಯುತ್ತದೆ. ಮಗುವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಅವಳದು. ತಾಯಿ ಬೈಯುವುದಿಲ್ಲ. ಇದೆಲ್ಲ ನಿನ್ನ ಒಳ್ಳೆಯದಕ್ಕೆ ಎನ್ನುತ್ತ ಗರ್ಭಪಾತಕ್ಕೆ ಒಪ್ಪಿಸುತ್ತಾಳೆ. ಗರ್ಭಪಾತವನ್ನು ಕೆಲವು ಷರತ್ತುಗಳ ಮೇಲೆ ಕಾನೂನುಬದ್ಧಗೊಳಿಸಿದ 1967ರ ಕಾಯ್ದೆ ಜಾರಿಗೆ ಬಂದು ಮೂರು ವರ್ಷವಷ್ಟೇ ಆಗಿದ್ದ ಕಾಲವದು. ಸ್ತ್ರೀಯ ಆಯ್ಕೆಗೆ ದಾರಿಮಾಡಿಕೊಟ್ಟ ಕಾನೂನು ಇಲ್ಲಿ ಅವಳ ಆಯ್ಕೆಯನ್ನೇ ತಪ್ಪಿಸಲು ಬಳಕೆಯಾಗುತ್ತದೆ.

ಆಮೇಲೆ ಜಾನಿಸ್ ಇನ್ನಷ್ಟು ಒಳಸರಿಯುತ್ತಾಳೆ. ತಂದೆತಾಯಿ ಮನೋವೈದ್ಯರ ಬಳಿ ಕರೆದೊಯ್ಯುತ್ತಾರೆ. ಆಸ್ಪತ್ರೆಯ ಪ್ರಾಯೋಗಿಕ ವಾರ್ಡೊಂದನ್ನು ನಡೆಸುವ ಡಾ. ಡೊನಾಲ್ಡ್‌ಸನ್ ಗುಂಪು ಮಾತುಕತೆಯ ಮೂಲಕ ಚಿಕಿತ್ಸೆ ಕೊಡುತ್ತಾರೆ. ಜಾನಿಸ್‌ಳನ್ನಲ್ಲದೆ ತಂದೆಯನ್ನೂ ತಾಯಿಯನ್ನೂ ಬೇರೆಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಶಿಸ್ತು, ಸ್ವಚ್ಛತೆ, ಇಂದಿನ ಯುವಜನರ ಸ್ವೇಚ್ಛೆ ಇವುಗಳ ಬಗ್ಗೆ ತಾಯಿಯ ಮಾತು, ತಮ್ಮ ದಾಂಪತ್ಯದ ಬಗ್ಗೆ ತಂದೆಯ ಹಿಂಜರಿಕೆಯ ಮಾತು ಆಗ ಹೊರಬರುತ್ತವೆ. ಜಾನಿಸ್ ಚೇತರಿಸಿಕೊಳ್ಳುವ ಲಕ್ಷಣ ಕಾಣುವಷ್ಟರಲ್ಲಿ ಆಸ್ಪತ್ರೆಯ ಆಡಳಿತ ಡೊನಾಲ್ಡ್‌ಸನ್‌ರ ಒಪ್ಪಂದವನ್ನು ಮುಂದುವರಿಸದೆ ವಾರ್ಡನ್ನು ನಿಲ್ಲಿಸುತ್ತದೆ. ಅವಳು ಸಾಂಪ್ರದಾಯಿಕ ಚಿಕಿತ್ಸೆಯ ವಾರ್ಡಿಗೆ ಹೋಗುತ್ತಾಳೆ. ಅಲ್ಲಿ ಮಾತ್ರೆ, ವಿದ್ಯುತ್ ಕಂಪನ ಚಿಕಿತ್ಸೆ.

ಅವಳ ಗೆಳೆಯ ಟಿಮ್, ಕಲಾವಿದ್ಯಾರ್ಥಿಯಂತಿರುವ ತರುಣ, ತಂದೆತಾಯಿಯ ಕಣ್ಣಿಗೆ ಎಲ್ಲ ಕೇಡಿನ ಮೂಲ. ಅವನು ಆಕೆಯನ್ನು ಆಸ್ಪತ್ರೆಯಿಂದ ಹೊರಗೆ ಕರೆದೊಯ್ದರೂ ಅವಳನ್ನು ಮತ್ತೆ ಹಿಡಿದು ತರಲಾಗುತ್ತದೆ. ಕೊನೆಯ ದೃಶ್ಯ ಆಸ್ಪತ್ರೆಯ ಉಪನ್ಯಾಸ ಕೊಠಡಿಯದು. ವಿದ್ಯಾರ್ಥಿಗಳ ಮುಂದೆ ಜಾನಿಸ್‌ಳನ್ನು ಸ್ಕಿಜೋಫ್ರೇನಿಯಾದ ಮಾದರಿಯಾಗಿ ಕೂರಿಸಲಾಗಿದೆ. ಅವಳು ಮಾತಾಡುವುದಿಲ್ಲ. ಈ ಲಕ್ಷಣಗಳಿಗೂ ಅವಳ ಪರಿಸರಕ್ಕೂ ಕಾಣುವಂಥ ಸಂಬಂಧವಿಲ್ಲವೆಂದು ಉಪನ್ಯಾಸಕರು ವಿವರಿಸಿ, ಪ್ರಶ್ನೆಗಳಿವೆಯೇ ಎಂದು ಕೇಳುವಲ್ಲಿಗೆ ಚಿತ್ರ ಮುಗಿಯುತ್ತದೆ. ನೂರೆಂಟು ನಿಮಿಷ ಆ ಸಂಬಂಧವನ್ನೇ ನೋಡಿದ ಪ್ರೇಕ್ಷಕರಿಗೆ ಈ ವಾಕ್ಯ ಕೇಳಿಸುವ ಬಗೆಯೇ ಬೇರೆ.

ತಾಂತ್ರಿಕ ವರ್ಗ ಮತ್ತು ಪಾತ್ರವರ್ಗ

ಛಾಯಾಗ್ರಹಣ ಚಾರ್ಲ್ಸ್ ಸ್ಟೂವರ್ಟ್, ಸಂಕಲನ ರಾಯ್ ವಾಟ್ಸ್, ಸಂಗೀತ ಮಾರ್ಕ್ ವಿಲ್ಕಿನ್‌ಸನ್. ಜಾನಿಸ್ ಆಗಿ ಸ್ಯಾಂಡಿ ರ‍್ಯಾಟ್‌ಕ್ಲಿಫ್ ನಟಿಸಿದ್ದಾರೆ. ಮುಂದೆ ಅವರು ಬಿಬಿಸಿಯ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯ ಸೂ ಆಸ್ಮನ್ ಪಾತ್ರದಿಂದ ಮನೆಮಾತಾದರು. ಟಿಮ್ ಪಾತ್ರ ಮಾಲ್ಕಮ್ ಟಿಯರ್ನಿಯವರದು, ಅಕ್ಕ ಬಾರ್ಬರಾ ಪಾತ್ರ ಹಿಲರಿ ಮಾರ್ಟಿನ್ ಅವರದು. ತಂದೆಯಾಗಿ ನಟಿಸಿದ ಬಿಲ್ ಡೀನ್ ಲಿವರ್‌ಪೂಲಿನ ಕ್ಲಬ್ಬುಗಳಲ್ಲಿ ನಗಿಸುತ್ತಿದ್ದ ಹಾಸ್ಯಗಾರ. ಲೋಚ್ ಅವರ ಹಿಂದಿನ ಕೃತಿಗಳಲ್ಲಿ ಆಗಲೇ ಕಾಣಿಸಿಕೊಂಡಿದ್ದರು. ತಾಯಿಯ ಪಾತ್ರದ ಗ್ರೇಸ್ ಕೇವ್ ವೃತ್ತಿಪರ ನಟಿಯೇ ಅಲ್ಲ. ಡಾ. ಡೊನಾಲ್ಡ್‌ಸನ್ ಪಾತ್ರ ಮಾಡಿದ ಮೈಕೆಲ್ ರಿಡಾಲ್ ನಿಜಜೀವನದಲ್ಲೂ ಮನೋವೈದ್ಯರು. ಅಂದರೆ ತಾಯಿಯ ನಂಬಿಕೆಗಳನ್ನೂ ವೈದ್ಯನ ಪ್ರಶ್ನೆಗಳನ್ನೂ ಹೊರಗಿನಿಂದ ಕಲಿತು ಬಂದವರಲ್ಲ ಇವರು.

ನಿರ್ಮಾಣ ಮತ್ತು ಶೈಲಿ

ಗಾರ್ನೆಟ್ ಮತ್ತು ಲೋಚ್ ಕಟ್ಟಿಕೊಂಡಿದ್ದ ಕೆಸ್ಟ್ರೆಲ್ ಫಿಲ್ಮ್ಸ್ ಚಿತ್ರವನ್ನು ನಿರ್ಮಿಸಿತು. ಹಣ ಹೂಡಿಕೆಯಲ್ಲಿ ಆಂಗ್ಲೊ-ಇಎಂಐ ಪಾಲುಗೊಂಡಿತು. ಇಬ್ಬರೂ ಅದಕ್ಕೆ ಮುಂಚೆ ಮಾಡಿದ್ದ ‘ಕೆಸ್’ (1969) ಯಾರ್ಕ್‌ಷೈರಿನ ಹುಡುಗನೊಬ್ಬನ ಕಥೆಯಾಗಿ ಜನಮನ್ನಣೆ ಪಡೆದಿತ್ತು. ತಾರೆಯರಿಲ್ಲದ, ಸ್ಟುಡಿಯೊ ಸೆಟ್‌ಗಳಿಲ್ಲದ, ನಿಜವಾದ ಜಾಗಗಳಲ್ಲಿ ಚಿಕ್ಕ ತಂಡದೊಂದಿಗೆ ಚಿತ್ರೀಕರಿಸುವ ರೀತಿ ಇಲ್ಲಿಯೂ ಮುಂದುವರಿಯಿತು. ಕಡಿಮೆ ಖರ್ಚು ಇಲ್ಲಿ ಅನಿವಾರ್ಯವೂ ಹೌದು, ಆಯ್ಕೆಯೂ ಹೌದು.

ಲೋಚ್ ಅವರ ಕೆಲಸದ ಕ್ರಮದಲ್ಲಿ ಕೆಲವು ಅಂಶಗಳು ಸ್ಥಿರ. ಕಥೆಯ ಅನುಕ್ರಮದಲ್ಲೇ ಚಿತ್ರೀಕರಿಸುವುದು, ಮುಂದೇನಾಗುತ್ತದೆಂದು ನಟರಿಗೆ ಪೂರ್ತಿ ಹೇಳದಿರುವುದು, ಬರೆದ ಸಂಭಾಷಣೆಯನ್ನು ನಟರು ತಮ್ಮ ಮಾತಿಗೆ ಒಗ್ಗಿಸಿಕೊಳ್ಳಲು ಬಿಡುವುದು, ಕ್ಯಾಮೆರಾವನ್ನು ನಟರ ಮುಖದ ಬಳಿ ತಾರದೆ ಕೋಣೆಯ ಮೂಲೆಯಲ್ಲಿ ನಿಲ್ಲಿಸುವುದು. ಸಹಜ ಬೆಳಕೇ ಹೆಚ್ಚು. ಈ ಚಿತ್ರದ ಮಟ್ಟಿಗೆ ಈ ಕ್ರಮದ ಫಲ ಹೆಚ್ಚು ಎದ್ದುಕಾಣುವುದು ಸಂದರ್ಶನದ ದೃಶ್ಯಗಳಲ್ಲಿ. ಡೊನಾಲ್ಡ್‌ಸನ್ ಕೇಳುವ ಪ್ರಶ್ನೆಗೆ ತಂದೆ ತಡವರಿಸುತ್ತಾನೆ, ಅರ್ಧಕ್ಕೆ ನಿಲ್ಲಿಸುತ್ತಾನೆ, ಹೇಳಬಾರದ್ದನ್ನು ಹೇಳಿಬಿಟ್ಟೆನೇನೋ ಎಂಬಂತೆ ಮಾತು ಬದಲಿಸುತ್ತಾನೆ. ಬರೆದು ಉರುಹೊಡೆದ ಸಂಭಾಷಣೆಯಿಂದ ಅಂಥ ತಡವರಿಕೆ ಹುಟ್ಟುವುದು ಕಷ್ಟ.

‘ಇನ್ ಟು ಮೈಂಡ್ಸ್’ಗೂ ಚಿತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ರಚನೆಯಲ್ಲಿದೆ. ನಾಟಕದಲ್ಲಿ ಬರೀ ಧ್ವನಿಯಾಗಿದ್ದ ವೈದ್ಯ ಇಲ್ಲಿ ಪಾತ್ರವಾಗುತ್ತಾನೆ, ಅವನದೊಂದು ವಾರ್ಡು ಸಿಗುತ್ತದೆ, ಆ ವಾರ್ಡು ಮುಚ್ಚುವುದು ಕಥೆಯ ತಿರುವಾಗುತ್ತದೆ. ಹೀಗಾಗಿ ಚಿತ್ರ ಒಂದು ಮನೆಯ ಕಥೆಯಾಗಿ ಉಳಿಯದೆ ಎರಡು ಚಿಕಿತ್ಸಾ ಪದ್ಧತಿಗಳ ಮುಖಾಮುಖಿಯೂ ಆಗುತ್ತದೆ. ಕಪ್ಪುಬಿಳುಪಿನ ಜಾಗಕ್ಕೆ ಬಣ್ಣ ಬಂದಿದೆ, ಆದರೆ ಅದು ಮಂಕಾದ ಬಣ್ಣ.

ಕುಟುಂಬಪ್ರೀತಿಯ ಚಿತ್ರಣ

ಬೇಲ್ಡನ್ ದಂಪತಿಗಳನ್ನು ಚಿತ್ರ ಖಳರನ್ನಾಗಿಸುವುದಿಲ್ಲ. ಹೊಡೆತವಿಲ್ಲ, ಕುಡಿತವಿಲ್ಲ, ಬಡತನವೂ ಇಲ್ಲ. ದುಡಿದು ಮೇಲೆ ಬಂದ, ಮನೆಯನ್ನು ಒಪ್ಪವಾಗಿ ಇಟ್ಟುಕೊಂಡ, ನೆರೆಯವರೆದುರು ಮಾನವಾಗಿ ಬಾಳಬೇಕೆಂಬ ಜನ. ಮಗಳನ್ನು ಅವರು ನಿಜವಾಗಿ ಪ್ರೀತಿಸುತ್ತಾರೆ. ಅವರ ದೃಷ್ಟಿಯಲ್ಲಿ ಒಳ್ಳೆಯ ಮಗಳೆಂದರೆ ಹೇಳಿದ್ದನ್ನು ಕೇಳುವವಳು. ಕೇಳದಾಗ ಅವಳು ಕೆಟ್ಟವಳಾಗುವುದಿಲ್ಲ, ಅವಳಿಗೆ ಹುಷಾರಿಲ್ಲ ಎಂದಾಗುತ್ತದೆ. ಅವಿಧೇಯತೆ ರೋಗವಾಗಿ ಬದಲಾಗುವ ಈ ಹೆಜ್ಜೆಯನ್ನು ಚಿತ್ರ ಸಾವಕಾಶವಾಗಿ ತೋರಿಸುತ್ತದೆ. ನಿನಗೆ ಬೇಕಾದಂತೆ ಮಾಡು ಎನ್ನುವ ತಾಯಿ, ಮಗಳು ತನಗೆ ಬೇಕಾದುದನ್ನು ಹೇಳಿದೊಡನೆ ಅದು ನಿಜವಾಗಿ ನೀನಲ್ಲ ಎನ್ನುತ್ತಾಳೆ. ಬೇಟ್ಸನ್‌ನ ಇಬ್ಬಂದಿಗೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ಮದುವೆಯಾಗಿ ಬೇರೆ ಹೋಗಿರುವ ಬಾರ್ಬರಾ ಮಕ್ಕಳೊಂದಿಗೆ ಊಟಕ್ಕೆ ಬಂದಾಗ ಮೇಜಿನ ಸುತ್ತಲೇ ಜಗಳ ಹೊತ್ತಿಕೊಳ್ಳುತ್ತದೆ. ಜಾನಿಸ್‌ಗೆ ಆದುದಕ್ಕೆ ನೀವೇ ಕಾರಣರೆಂದು ಅವಳು ತಂದೆತಾಯಿಯ ಮುಖಕ್ಕೇ ಹೇಳುತ್ತಾಳೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬಳು ಕೂಗಾಡಿ ಬಚಾವಾದಳು, ಇನ್ನೊಬ್ಬಳಿಗೆ ಕೂಗಾಡುವುದೂ ಸಾಧ್ಯವಾಗಲಿಲ್ಲ. ಇನ್ನೊಂದು ದೃಶ್ಯದಲ್ಲಿ ಟಿಮ್ ಮತ್ತು ಜಾನಿಸ್ ತಂದೆ ಜತನದಿಂದ ಬೆಳೆಸಿದ ತೋಟಕ್ಕೆ ನೀಲಿ ಬಣ್ಣ ಎರಚುತ್ತಾರೆ. ನೋಡುವವರಿಗೆ ಅದು ತುಂಟಾಟ, ಮನೆಯವರಿಗೆ ಕಾಯಿಲೆಯ ಪುರಾವೆ.

ಬಿಡುಗಡೆ ಮತ್ತು ಸ್ವಾಗತ

1971ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಪ್ರಚಾರವೂ ಪ್ರದರ್ಶನ ಮಂದಿರಗಳೂ ಸಾಕಷ್ಟು ಸಿಗಲಿಲ್ಲ. ಯುರೋಪಿನಲ್ಲಿ, ಮುಖ್ಯವಾಗಿ ಫ್ರಾನ್ಸ್‌ನಲ್ಲಿ, ಸ್ವಾಗತ ಚೆನ್ನಾಗಿತ್ತು. 1972ರ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಅಂತರರಾಷ್ಟ್ರೀಯ ವಿಮರ್ಶಕರ ಒಕ್ಕೂಟದ ಫಿಪ್ರೆಸ್ಸಿ ಪ್ರಶಸ್ತಿ ಬಂತು. ಸ್ವದೇಶದ ಸೋಲಿನ ಪರಿಣಾಮ ದೀರ್ಘವಾಗಿತ್ತು. ಲೋಚ್ ಅವರ ಮುಂದಿನ ಚಿತ್ರಮಂದಿರದ ಚಿತ್ರ ‘ಬ್ಲ್ಯಾಕ್ ಜ್ಯಾಕ್’ ಬಂದದ್ದು 1979ರಲ್ಲಿ. ನಡುವಿನ ವರ್ಷಗಳಲ್ಲಿ ಅವರು ದೂರದರ್ಶನಕ್ಕೆ ಮರಳಿದರು.

ಕನ್ನಡದ ಓದುಗರಿಗೆ ಇದೇ ಅವಧಿಯ ‘ಶರಪಂಜರ’ (1971) ನೆನಪಾಗಬಹುದು. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲೂ ಆಸ್ಪತ್ರೆ ಮತ್ತು ಮನೆ ಎರಡರ ನಡುವೆ ನುಜ್ಜಾಗುವ ಹೆಣ್ಣೊಬ್ಬಳಿದ್ದಾಳೆ. ಅದರ ಮೂಲ ಕಾದಂಬರಿಕಾರ್ತಿ ತ್ರಿವೇಣಿ 1963ರಲ್ಲೇ ತೀರಿಕೊಂಡವರಾದ್ದರಿಂದ ಪ್ರಭಾವದ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಆಸ್ಪತ್ರೆ ಗುಣಪಡಿಸಿ ಕಳುಹಿಸುತ್ತದೆ, ಮನೆ ಮತ್ತು ಸಮಾಜ ನಂಬುವುದಿಲ್ಲ. ಲೋಚ್ ಅವರ ಚಿತ್ರದಲ್ಲಿ ಆಸ್ಪತ್ರೆಯೂ ಮನೆಯ ಪಕ್ಷವೇ.

ವೈದ್ಯಕೀಯ ವಿಮರ್ಶೆ

ಚಿತ್ರದ ಹಿಂದಿರುವ ಪ್ರತಿಪಾದನೆಯಲ್ಲಿ ಎರಡು ಎಳೆಗಳಿವೆ. ಕುಟುಂಬದ ವರ್ತನೆಯೇ ಸ್ಕಿಜೋಫ್ರೇನಿಯಾಕ್ಕೆ ಕಾರಣ ಎಂಬುದು ಒಂದು. ರೋಗಿಯ ಬಾಳಿನ ಸಂದರ್ಭವನ್ನು ಕೇಳದೆ ಕೊಡುವ ಚಿಕಿತ್ಸೆ ಹಾನಿ ಮಾಡಬಹುದು ಎಂಬುದು ಇನ್ನೊಂದು. ಮೊದಲನೆಯದು ನಿಲ್ಲಲಿಲ್ಲ. ಅಮೆರಿಕದ ಲಿಯೊನಾರ್ಡ್ ಹೆಸ್ಟನ್ 1966ರಲ್ಲೇ, ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಂದ ಹುಟ್ಟಿದ ಕೂಡಲೇ ಬೇರ್ಪಟ್ಟು ಬೇರೆಡೆ ಬೆಳೆದ 47 ಮಂದಿಯನ್ನು ಅಧ್ಯಯನ ಮಾಡಿದ್ದರು. ಅವರಲ್ಲಿ ಐವರಿಗೆ ಆ ಕಾಯಿಲೆ ಬಂದಿತ್ತು. ಹೋಲಿಕೆಗೆಂದು ತೆಗೆದುಕೊಂಡ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಮುಂದಿನ ದತ್ತುಮಕ್ಕಳ ಮತ್ತು ಅವಳಿಮಕ್ಕಳ ಅಧ್ಯಯನಗಳೂ ಅನುವಂಶೀಯತೆಯ ಪಾತ್ರವನ್ನು ಗಟ್ಟಿಗೊಳಿಸಿದವು.

ತಂದೆತಾಯಿಯರಿಂದಲೂ ಪ್ರತಿರೋಧ ಬಂತು. ಮಗನ ಕಾಯಿಲೆಯ ಬಗ್ಗೆ ತಂದೆಯೊಬ್ಬರು 1970ರಲ್ಲಿ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಲೇಖನಕ್ಕೆ ಬಂದ ಪ್ರತಿಕ್ರಿಯೆಯಿಂದ 1972ರಲ್ಲಿ ನ್ಯಾಷನಲ್ ಸ್ಕಿಜೋಫ್ರೇನಿಯಾ ಫೆಲೋಶಿಪ್ ಹುಟ್ಟಿತು. ಇಂದು ಅದರ ಹೆಸರು ರೀಥಿಂಕ್ ಮೆಂಟಲ್ ಇಲ್ನೆಸ್. ರೋಗದ ಭಾರವನ್ನು ದಿನನಿತ್ಯ ಹೊರುವವರನ್ನೇ ಅಪರಾಧಿಗಳನ್ನಾಗಿಸುವ ಚಿಂತನೆ ಅನ್ಯಾಯವೆಂಬುದು ಇಂಥ ಕುಟುಂಬಗಳ ವಾದ. ಈ ಆಕ್ಷೇಪಕ್ಕೆ ಚಿತ್ರದ ಬಳಿ ಉತ್ತರವಿಲ್ಲ.

ಎರಡನೆಯ ಎಳೆಗೆ ಬೇರೊಂದು ದಿಕ್ಕಿನಿಂದ ಬೆಂಬಲ ದೊರೆಯಿತು. ಜಾರ್ಜ್ ಬ್ರೌನ್, ಬರ್ಲಿ ಮತ್ತು ವಿಂಗ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದ 101 ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಲಾಯಿತು. ಟೀಕೆ, ಹಗೆತನ ಅಥವಾ ಅತಿಯಾದ ಭಾವುಕ ಮಧ್ಯಪ್ರವೇಶ ಹೆಚ್ಚಿದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸಿದ ಪ್ರಮಾಣ ಶೇ. 58, ಕಡಿಮೆಯಿದ್ದ ಮನೆಗಳಲ್ಲಿ ಶೇ. 16. ಮನೆ ರೋಗವನ್ನು ಹುಟ್ಟಿಸುವುದಿಲ್ಲ, ಆದರೆ ಅದರ ನಡೆಯನ್ನು ಬದಲಿಸಬಲ್ಲದು ಎಂಬುದು ಇದರ ಸಾರ. ಅತಿಪ್ರೀತಿಯೂ ಆ ಅಳತೆಯ ಪಟ್ಟಿಯಲ್ಲಿದ್ದದ್ದು ಬೇಲ್ಡನ್ ಮನೆಯ ಚಿತ್ರಣಕ್ಕೆ ತೀರ ಹತ್ತಿರ. ಮನೆಯವರನ್ನು ದೂಷಿಸದೆ ಜೊತೆಗೂಡಿಸಿಕೊಳ್ಳುವ ಕುಟುಂಬ ಚಿಕಿತ್ಸಾ ವಿಧಾನಗಳು ಈ ಸಂಶೋಧನೆಯಿಂದ ಬೆಳೆದವು.

ವಿದ್ಯುತ್ ಕಂಪನ ಚಿಕಿತ್ಸೆಯ ಚಿತ್ರಣವೂ ಕಾಲಬದ್ಧ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧದೊಂದಿಗೆ, ಹೆಚ್ಚಾಗಿ ತೀವ್ರ ಖಿನ್ನತೆಗೆ, ಈ ಚಿಕಿತ್ಸೆ ಇಂದಿಗೂ ಬಳಕೆಯಲ್ಲಿದೆ. ಚಿತ್ರದ ಆಕ್ಷೇಪ ಯಂತ್ರದ ಬಗ್ಗೆ ಅನ್ನುವುದಕ್ಕಿಂತ, ಯಾರನ್ನೂ ಏನನ್ನೂ ಕೇಳದೆ ಅದನ್ನು ದಿನಚರಿಯಂತೆ ಕೊಡುವ ಬಗ್ಗೆ ಎಂದು ಓದುವುದೇ ಹೆಚ್ಚು ಸರಿ.

ಇದೇ ವಸ್ತುವಿನ ಇತರ ಚಿತ್ರಗಳು

ಲೇಯಿಂಗ್ ಬಳಗದ ಲಂಡನ್ ವಸತಿ ಸಮುದಾಯವೊಂದನ್ನು ಪೀಟರ್ ರಾಬಿನ್‌ಸನ್ ‘ಅಸೈಲಮ್’ (1972) ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದರು. ಕಡಿಮೆ ವೆಚ್ಚದ ಬ್ರಿಟಿಷ್ ಕಥಾಚಿತ್ರಗಳಲ್ಲಿ, ಜೋ ಪೆನ್‌ಹಾಲ್ ನಾಟಕ ಆಧರಿಸಿದ ‘ಸಮ್ ವಾಯ್ಸಸ್’ (2000) ಸ್ಕಿಜೋಫ್ರೇನಿಯಾ ಇರುವ ತಮ್ಮ ಮತ್ತು ಅವನನ್ನು ನೋಡಿಕೊಳ್ಳುವ ಅಣ್ಣನ ಕಥೆ. ಡೇನಿಯಲ್ ಕ್ರೇಗ್ ತಮ್ಮನ ಪಾತ್ರ ಮಾಡಿದ್ದಾರೆ. ಕ್ರೇಗ್ ರಾಬರ್ಟ್ಸ್ ನಿರ್ದೇಶನದ ‘ಎಟರ್ನಲ್ ಬ್ಯೂಟಿ’ (2019) ಕಾಯಿಲೆಯನ್ನು ರೋಗಿಯ ಕಣ್ಣಿನಿಂದಲೇ, ಹಾಸ್ಯದ ಲೇಪದೊಂದಿಗೆ ನೋಡುತ್ತದೆ. ಮುಖ್ಯಪಾತ್ರ ಸ್ಯಾಲಿ ಹಾಕಿನ್ಸ್ ಅವರದು. ಲೇಯಿಂಗ್ ಅವರ ಕಿಂಗ್ಸ್‌ಲಿ ಹಾಲ್ ದಿನಗಳನ್ನು ‘ಮ್ಯಾಡ್ ಟು ಬಿ ನಾರ್ಮಲ್’ (2017) ಕಥೆಯಾಗಿಸಿದೆ. ಈ ನಂತರದ ಚಿತ್ರಗಳಲ್ಲಿ ಕುಟುಂಬ ಆರೋಪಿಯ ಸ್ಥಾನದಿಂದ ಬಹುಮಟ್ಟಿಗೆ ಇಳಿದಿದೆ.

ಈಗಿನ ಸ್ಥಿತಿ

ಚಿತ್ರ ತೋರಿಸಿದ ಬಗೆಯ ದೊಡ್ಡ ಆಸ್ಪತ್ರೆಗಳು 1980 ಮತ್ತು 1990ರ ದಶಕಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ವಿಲ್ಲಾ 21 ಇದ್ದ ಶೆನ್ಲಿ ಆಸ್ಪತ್ರೆ 1998ರಲ್ಲಿ ಮುಚ್ಚಿತು. 1959ರ ಕಾಯ್ದೆಯ ಜಾಗಕ್ಕೆ 1983ರಲ್ಲಿ ರೋಗಿಗಳ ಹಕ್ಕುಗಳಿಗೆ ಹೆಚ್ಚಿನ ರಕ್ಷಣೆ ಕೊಡುವ ಹೊಸ ಕಾಯ್ದೆ ಬಂತು. ಲೋಚ್ ಮುಂದೆ ‘ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ’ (2006) ಮತ್ತು ‘ಐ, ಡೇನಿಯಲ್ ಬ್ಲೇಕ್’ (2016) ಚಿತ್ರಗಳಿಗೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದರು. ಅವುಗಳ ಮತ್ತು ‘ಕೆಸ್’ ಚಿತ್ರದ ಖ್ಯಾತಿಯ ನಡುವೆ ಫ್ಯಾಮಿಲಿ ಲೈಫ್ ಅಷ್ಟಾಗಿ ಪ್ರಚಾರಕ್ಕೆ ಬಾರದೆ ಉಳಿದಿದೆ. ಆದರೂ ಬ್ರಿಟಿಷ್ ಸಾಮಾಜಿಕ ವಾಸ್ತವವಾದ ಮತ್ತು 1960ರ ದಶಕದ ಮನೋವೈದ್ಯಕೀಯ ವಿವಾದ ಇವೆರಡರ ಚರಿತ್ರೆಯಲ್ಲೂ ಇದನ್ನು ಬಿಟ್ಟು ಮುಂದೆ ಹೋಗಲಾಗದು. ಇಎಂಐ ಸಂಗ್ರಹದ ಇತರ ಚಿತ್ರಗಳಂತೆ ಇದರ ಹಕ್ಕುಗಳೂ ಸ್ಟುಡಿಯೊಕೆನಾಲ್ ಸಂಸ್ಥೆಗೆ ಸೇರಿವೆ.